ಜೇನು, ತಿನೆ ಮತ್ತು ಮೂರು ದಿನ

ಮಾಕವಳ್ಳಿ ಎಂದರೆ ಕೆ.ಆರ್. ಪೇಟೆ ಕಡೆಯವರಿಗೆ ಸಕ್ಕರೆ ಕಾರ್ಖಾನೆಯ ಊರು. ಕಬ್ಬು ಅರೆಯುವ ದಿನಗಳಲ್ಲಿ ಆ ರಸ್ತೆಯಲ್ಲಿ ಕಬ್ಬಿನ ಲಾರಿ, ಟ್ರ್ಯಾಕ್ಟರುಗಳದ್ದೇ ಸಾಲು. ಅಲ್ಲಿಂದ ಮೇಲುಕೋಟೆಯ ಬೆಟ್ಟ ತೀರಾ ದೂರವೇನಲ್ಲ. ವೈರಮುಡಿ ಬಂತೆಂದರೆ ಕೆ.ಆರ್. ಪೇಟೆ, ನಾಗಮಂಗಲ, ಪಾಂಡವಪುರ, ಶ್ರೀರಂಗಪಟ್ಟಣದ ಹಳ್ಳಿಗಳಿಂದೆಲ್ಲ ಜನ ಆ ಬೆಟ್ಟ ಹತ್ತುತ್ತಾರೆ. ಮಂಡ್ಯದ ಖಜಾನೆಯಿಂದ ಪೊಲೀಸು ಕಾವಲಿನಲ್ಲಿ ಕಿರೀಟ ಬರುತ್ತದೆ. ರಾತ್ರಿ ಚೆಲುವಪಿಳ್ಳೆರಾಯ ಅದನ್ನು ಮುಡಿದು ಹೊರಡುತ್ತಾನೆ. ಜೊತೆಗೆ ಪ್ರತಿ ವರ್ಷವೂ ಒಂದು ಕಥೆ ಹೊರಡುತ್ತದೆ. ಚೋಳ ರಾಜನ ಕಾಟಕ್ಕೆ ಶ್ರೀರಂಗ ಬಿಟ್ಟು ರಾಮಾನುಜಾಚಾರ್ಯರು ನಮ್ಮ ನಾಡಿಗೆ ಬಂದರು. ತೊಣ್ಣೂರಿನಲ್ಲಿ ಬಿಟ್ಟಿದೇವನನ್ನು ವಿಷ್ಣುವರ್ಧನನನ್ನಾಗಿ ಮಾಡಿದರು. ಯದುಗಿರಿಯ ಪೊದೆಯೊಳಗೆ ಮರೆಯಾಗಿದ್ದ ತಿರುನಾರಾಯಣನನ್ನು ಕಂಡು ಗುಡಿ ಕಟ್ಟಿಸಿದರು. ಊರ ಹೊರಗಿದ್ದವರನ್ನು ತಿರುಕುಲದವರೆಂದು ಕರೆದು ಗುಡಿಯೊಳಕ್ಕೆ ಬಿಟ್ಟು ಉದ್ಧರಿಸಿದರು.

ನನ್ನ ತಕರಾರು ಆ ಕೊನೆಯ ಕ್ರಿಯಾಪದದ ಮೇಲೆ. ಯಾರು ಯಾರನ್ನು ಉದ್ಧರಿಸಿದರು?

ಕಥೆಯನ್ನು ಅದು ಇರುವ ಹಾಗೇ ಒಪ್ಪಿಕೊಂಡು ನೋಡೋಣ. ಶ್ರೀವೈಷ್ಣವರ ಗುರುಪರಂಪರೆಯ ಗ್ರಂಥಗಳು ಹೇಳುವಂತೆ ಚೋಳ ರಾಜ ಒಂದು ಓಲೆಗೆ ರುಜು ಕೇಳಿದ. ಶಿವನಿಗಿಂತ ಮಿಗಿಲಾದ ದೈವವಿಲ್ಲ ಎಂದು ಒಪ್ಪಿ ಬರೆದುಕೊಡಬೇಕು. ಶಿಷ್ಯ ಕೂರೇಶ ಗುರುವಿನ ಕಾವಿ ತೊಟ್ಟು, ತಾನೇ ರಾಮಾನುಜ ಎನ್ನುವಂತೆ ರಾಜನ ಮುಂದೆ ನಿಂತ. ಗುರು ಬಿಳಿ ಬಟ್ಟೆ ಉಟ್ಟು ಪಶ್ಚಿಮಕ್ಕೆ ನಡೆದರು. ಕೂರೇಶ ಕಣ್ಣು ಕಳೆದುಕೊಂಡ. ಜೊತೆಗೆ ಹೋದ ಮುದುಕ ಮಹಾಪೂರ್ಣರು ಕಣ್ಣನ್ನೂ ಕಳೆದುಕೊಂಡು ಜೀವವನ್ನೂ ಬಿಟ್ಟರು. ಇದನ್ನು ಧಾರ್ಮಿಕ ಜಗಳ ಎಂದು ತಳ್ಳಿಹಾಕಬಾರದು. ಅರಮನೆ ಒಂದು ಹೇಳಿಕೆ ಬರೆದು ರುಜು ಹಾಕು ಎನ್ನುವುದು, ಹಾಕದವನ ಕಣ್ಣು ಕೀಳುವುದು, ತಪ್ಪಿಸಿಕೊಂಡವನು ವೇಷ ಬದಲಿಸಿ ಗಡಿ ದಾಟುವುದು ಯಾವ ಶತಮಾನದಲ್ಲಿ ನಡೆದರೂ ರಾಜಕೀಯವೇ. ಮಂಡ್ಯ ಜಿಲ್ಲೆಗೆ ಬಂದ ರಾಮಾನುಜರು ರಾಜಕೀಯ ದೇಶಭ್ರಷ್ಟರು. ಆ ಮಾತನ್ನು ಹೇಳಲು ನಮಗೇಕೋ ಸಂಕೋಚ. ಆಚಾರ್ಯರು ‘ದಯಮಾಡಿಸಿದರು’ ಎನ್ನುತ್ತೇವೆ. ಓಡಿ ಬಂದವರು ಎಂದು ಹೇಳಿದರೆ, ಬಾಗಿಲು ತೆರೆದವರು ಯಾರು ಎಂಬ ಪ್ರಶ್ನೆಯೂ ಏಳುತ್ತದೆ.

ಬಾಗಿಲು ತೆರೆದವರು ಯಾರೆಂದು ಆ ಗ್ರಂಥಗಳೇ ಮುಚ್ಚುಮರೆಯಿಲ್ಲದೆ ಹೇಳಿವೆ. ನೀಲಗಿರಿಯ ಕಾಡಿನಲ್ಲಿ ದಿನಗಟ್ಟಲೆ ಅನ್ನವಿಲ್ಲದೆ ಅಲೆದ ಗುರು-ಶಿಷ್ಯರಿಗೆ ಮೊದಲು ಎದುರಾದವರು ಬೇಡರು. ಅವರು ಬೆಂಕಿ ಹಾಕಿ ಚಳಿ ಬಿಡಿಸಿದರು, ಜೇನು ಕೊಟ್ಟರು, ತಿನೆ ಕೊಟ್ಟರು. ಬೇಯಿಸಿದ ಊಟ ಸಿಕ್ಕಿದ್ದು ಆಮೇಲೆ, ಒಂದು ಬ್ರಾಹ್ಮಣರ ಮನೆಯಲ್ಲಿ. ಇಲ್ಲಿ ಸ್ವಲ್ಪ ನಿಲ್ಲಬೇಕು. ಜೇನು, ಹಸಿ ಧಾನ್ಯ ಇವೆರಡೂ ಮೈಲಿಗೆಯಾಗದ ಪದಾರ್ಥಗಳು. ಬೇಡರ ಮಡಕೆಯಲ್ಲಿ ಬೆಂದ ಅನ್ನ ಆ ಕಥೆಯಲ್ಲಿ ಇಲ್ಲ. ಹಸಿವಿನಿಂದ ಸಾಯುವ ಹೊತ್ತಿನಲ್ಲೂ ಯಾವುದನ್ನು ಯಾರ ಕೈಯಿಂದ ತೆಗೆದುಕೊಳ್ಳಬಹುದು ಎಂಬ ಪಟ್ಟಿಯನ್ನು ಕಥೆ ಮರೆಯುವುದಿಲ್ಲ. ಆದರೂ ಕಥೆ ಹೇಳಿದವರು ಬೇಡರನ್ನು ಅಳಿಸಿಹಾಕಲಿಲ್ಲ. ಅವರಿಗೆ ಅಷ್ಟು ಪ್ರಾಮಾಣಿಕತೆ ಇತ್ತು.

ಮುಂದೆ ಸಾಲಿಗ್ರಾಮ, ಅಲ್ಲಿ ವಡುಗನಂಬಿಯೆಂಬ ಶಿಷ್ಯ ಸಿಕ್ಕಿದ. ಆಮೇಲೆ ತೊಣ್ಣೂರು, ಆಮೇಲೆ ಮೇಲುಕೋಟೆ. ಬೆಟ್ಟದ ಮೇಲಿನ ಕಾಡು ಕಡಿದು ದಾರಿ ಮಾಡಿದವರು, ಗುಡಿ ಏಳುವಾಗ ಜೊತೆಗಿದ್ದವರು ಸುತ್ತಲಿನ ಹೊಲೆಯ, ಮಾದಿಗರ ಹಟ್ಟಿಯ ಜನ ಎಂದು ಪರಂಪರೆಯೇ ಹೇಳುತ್ತದೆ. ಉತ್ಸವಮೂರ್ತಿ ಚೆಲುವಪಿಳ್ಳೆಯನ್ನು ದಿಲ್ಲಿಯಿಂದ ತರುವಾಗ ದಾರಿಯಲ್ಲಿ ಕಳ್ಳರು ಬಿದ್ದರಂತೆ. ಆಗ ಅಡ್ಡ ನಿಂತು ವಿಗ್ರಹ ಉಳಿಸಿ ಹೊತ್ತು ತಂದವರೂ ಇವರೇ ಅಂತೆ. ಅದಕ್ಕೆ ಪ್ರತಿಯಾಗಿ ಸಿಕ್ಕಿದ್ದು ಎರಡು: ತಿರುಕುಲದವರು ಎಂಬ ಹೆಸರು, ವರ್ಷಕ್ಕೆ ಮೂರು ದಿನ ಗುಡಿಯೊಳಗೆ ಹೋಗುವ ಹಕ್ಕು. ಬಿ.ಎಲ್. ರೈಸ್ ತಮ್ಮ ಮೈಸೂರು ಗೆಜೆಟಿಯರಿನಲ್ಲಿ ಈ ಮೂರು ದಿನಗಳ ಪದ್ಧತಿಯನ್ನು ದಾಖಲಿಸಿದ್ದಾರೆ. ಎಂದರೆ 19ನೆಯ ಶತಮಾನದಲ್ಲೂ ಲೆಕ್ಕ ಮೂರೇ ದಿನ. ಏಳೆಂಟು ನೂರು ವರ್ಷಗಳಲ್ಲಿ ಅದು ನಾಲ್ಕನೆಯ ದಿನಕ್ಕೆ ಬೆಳೆಯಲಿಲ್ಲ.

ಈಗ ಒಂದು ಮನೆಲೆಕ್ಕ ಹಾಕೋಣ, ಅಂಗಡಿಯ ಚೀಟಿಯಲ್ಲಿ ಹಾಕುವ ಹಾಗೆ. ಮೇಲುಕೋಟೆಯ ಪ್ರತಿಷ್ಠೆಯನ್ನು ಪರಂಪರೆ ಸುಮಾರು 1100ಕ್ಕೆ ಇಡುತ್ತದೆ. ಅಸ್ಪೃಶ್ಯತೆಯನ್ನು ತೊಡೆದುಹಾಕಿದ 17ನೇ ವಿಧಿಯೊಂದಿಗೆ ಸಂವಿಧಾನ ಜಾರಿಯಾದದ್ದು 1950ರಲ್ಲಿ. ನಡುವೆ 850 ವರ್ಷ. ಒಂದು ವರ್ಷವೂ ತಪ್ಪದೆ, ಯಾರೂ ಅಡ್ಡಿ ಮಾಡದೆ ಮೂರು ದಿನದ ಹಕ್ಕು ನಡೆದುಬಂದಿತ್ತು ಎಂದೇ ಇಟ್ಟುಕೊಳ್ಳಿ. ಮೂರರಂತೆ 850 ವರ್ಷಕ್ಕೆ 2550 ದಿನ. ಅಂದರೆ ಏಳು ವರ್ಷ. ರಾಮಾನುಜರು ಈ ಬೆಟ್ಟದಲ್ಲಿ ಇದ್ದದ್ದು 12 ವರ್ಷ ಎಂದು ಪರಂಪರೆ. ದೇಶಬಿಟ್ಟು ಬಂದ ಒಬ್ಬರನ್ನು 12 ವರ್ಷ ಇಟ್ಟುಕೊಂಡ ಜನಕ್ಕೆ, ತಮ್ಮ ನೆಲದಲ್ಲೇ ತಾವೇ ನಿಂತು ಕಟ್ಟಿದ ಗುಡಿಯೊಳಗೆ, 850 ವರ್ಷದಲ್ಲಿ ಒಟ್ಟು ಏಳು ವರ್ಷ ಕಾಲಿಡಲು ಸಿಕ್ಕಿತು. ಇದಕ್ಕೆ ನಾವು ಇಟ್ಟ ಹೆಸರು ಉದ್ಧಾರ. ಸಾಲ ಕೊಟ್ಟವನನ್ನೇ ಸಾಲಗಾರನ ಪಟ್ಟಿಗೆ ಸೇರಿಸಿದ ಲೆಕ್ಕ ಇದು.

ಇಲ್ಲಿ ಒಂದು ಆಕ್ಷೇಪ ಬರುತ್ತದೆ, ಬರಲೇಬೇಕು. 12ನೆಯ ಶತಮಾನದಲ್ಲಿ ಮೂರು ದಿನ ಎಂದರೆ ಸಣ್ಣ ಮಾತೇ? ಆ ಕಾಲದ ಅಳತೆಯಲ್ಲಿ ಅದು ಕ್ರಾಂತಿಯಲ್ಲವೇ? ಹೌದು, ಸಣ್ಣ ಮಾತಲ್ಲ. ಮುಟ್ಟಿಸಿಕೊಳ್ಳಬಾರದವರೆಂದು ಊರೆಲ್ಲ ಹೇಳುವ ಜನಕ್ಕೆ ‘ತಿರು’ ಎಂಬ ಪದವನ್ನು, ದೇವರಿಗೂ ಆಚಾರ್ಯರಿಗೂ ಹಚ್ಚುವ ಪದವನ್ನು, ಹಚ್ಚಿದವರು ಸುತ್ತಲಿನವರ ಕೋಪ ಎದುರಿಸಿಯೇ ಹಚ್ಚಿರಬೇಕು. ದೇಶ ಕಳೆದುಕೊಂಡು ಬಂದ ಮನುಷ್ಯನಿಗೆ ಊರ ಹೊರಗೆ ಇರುವುದು ಎಂದರೇನು ಎಂದು ಆಗ ಮೈಯಾರೆ ಗೊತ್ತಾಗಿತ್ತು. ಆ ಮೂರು ದಿನ ಅಂಥ ತಿಳಿವಿನಿಂದ ಹುಟ್ಟಿದ್ದಾಗಿರಬಹುದು. ನನ್ನ ಜಗಳ ರಾಮಾನುಜರ ಜೊತೆಗಲ್ಲ. ಒಬ್ಬ ದೇಶಭ್ರಷ್ಟ ತನಗೆ ಸಿಕ್ಕ ಉಪಕಾರಕ್ಕೆ ತನ್ನ ಕೈಲಾದಷ್ಟು ಮುಂಗಡ ಕಟ್ಟಿದ. ಆ ಮುಂಗಡವನ್ನೇ ಪೂರ್ತಿ ಬಾಕಿ ತೀರಿತು ಎಂದು ರಸೀದಿ ಬರೆದುಕೊಂಡವರು ಆಮೇಲಿನವರು. ಆ ರಸೀದಿಯನ್ನು ಪ್ರತಿ ವರ್ಷ ಮೈಕಿನಲ್ಲಿ ಓದುವವರು ನಾವು.

ಇನ್ನೊಂದು ಕಡೆಯಿಂದಲೂ ಆಕ್ಷೇಪ ಬರುತ್ತದೆ. ಇದೆಲ್ಲ ಕಟ್ಟುಕಥೆ, ಶಾಸನಗಳಲ್ಲಿ ಆಧಾರವಿಲ್ಲ, ಇದರ ಮೇಲೆ ಇಷ್ಟು ಮಾತೇಕೆ ಎನ್ನುವವರದ್ದು. ಅವರ ಮಾತಿನಲ್ಲಿ ಅರ್ಧ ಸತ್ಯವಿದೆ. ಗುರುಪರಂಪರೆ ಆ ಚೋಳನನ್ನು ಕ್ರಿಮಿಕಂಠ ಎಂದು ಬೈಯುತ್ತದೆಯೇ ಹೊರತು ಅವನು ಯಾರೆಂಬುದರಲ್ಲಿ ವಿದ್ವಾಂಸರಲ್ಲಿ ಒಮ್ಮತವಿಲ್ಲ. ದಿಲ್ಲಿಯ ಸುಲ್ತಾನನ ಮಗಳು ಚೆಲುವಪಿಳ್ಳೆಯನ್ನು ಬಿಟ್ಟಿರಲಾರದೆ ಮೇಲುಕೋಟೆಯವರೆಗೆ ಬಂದು ಬೀಬಿ ನಾಚಿಯಾರ್ ಆದಳು ಎನ್ನುವ ಕಥೆ ಎಷ್ಟು ಚೆಂದವಿದ್ದರೂ, ರಾಮಾನುಜರ ಕಾಲ ಎಂದು ಹೇಳುವ 1017ರಿಂದ 1137ರ ನಡುವೆ ದಿಲ್ಲಿಯಲ್ಲಿ ಸುಲ್ತಾನರೇ ಇರಲಿಲ್ಲ. ಇದೆಲ್ಲ ಸರಿ. ಆದರೆ ಕಥೆ ಕಟ್ಟುವವರು ತಮಗೆ ಬೇಕಾದ್ದನ್ನು ಕಟ್ಟುತ್ತಾರೆ. ತಮ್ಮ ಮಹಾಗುರು ಬೇಡರ ತಿನೆ ತಿಂದು ಬದುಕಿದರು, ತಮ್ಮ ದೇವರನ್ನು ಹೊಲೆಯರು ಹೊತ್ತು ತಂದರು ಎಂದು ಕಟ್ಟಿಕೊಳ್ಳುವ ಅಗತ್ಯ ಯಾವ ಅಗ್ರಹಾರಕ್ಕಿತ್ತು? ಬೇಡವಾದ ಮಾತೊಂದು ಕಥೆಯೊಳಗೆ ಉಳಿದುಕೊಂಡಿದೆ ಎಂದರೆ ಅದನ್ನು ಬಿಡಲಾಗದ ಒತ್ತಡ ಎಲ್ಲೋ ಇತ್ತು ಎಂದರ್ಥ. ನನ್ನ ಅನುಮಾನ, ಆ ಒತ್ತಡ ಹಟ್ಟಿಯ ಕಡೆಯದು. ವರ್ಷಕ್ಕೊಮ್ಮೆ ಬಂದು ಬಾಗಿಲಲ್ಲಿ ನಿಂತು ನಮ್ಮ ಮೂರು ದಿನ ಎಲ್ಲಿ ಎಂದು ಕೇಳುವವರು ಇದ್ದರು. ಅವರ ಹಕ್ಕಿಗೆ ಕಾರಣ ಹೇಳಲು ಕಥೆ ಬೇಕಾಯಿತು. ದಂತಕಥೆ ಎಂದು ಬಿಸಾಕಿದರೆ ಆ ಜನದ ಹಕ್ಕಿನ ಪತ್ರವನ್ನೇ ಬಿಸಾಕಿದಂತೆ.

ಇದೇ ಕಥೆಯ ಇನ್ನೊಂದು ತುಂಡು ನನ್ನನ್ನು ಇದಕ್ಕಿಂತ ಹೆಚ್ಚು ಕಾಡುತ್ತದೆ. ತೊಣ್ಣೂರಿನಲ್ಲಿ ರಾಮಾನುಜರು ಸಾವಿರ ಜೈನರೊಂದಿಗೆ ಏಕಕಾಲಕ್ಕೆ ವಾದ ಮಾಡಿ ಗೆದ್ದರಂತೆ. ಆಮೇಲೆ ರಾಜ ಸೋತವರನ್ನು ಗಾಣಕ್ಕೆ ಹಾಕಿ ಅರೆಸಿದನಂತೆ, ಬಸದಿಗಳನ್ನು ಕೆಡವಿದನಂತೆ. ಇದನ್ನು ಹೇಳುವವರು ಹೆಮ್ಮೆಯಿಂದಲೇ ಹೇಳುತ್ತಾರೆ. ಪುಣ್ಯಕ್ಕೆ ಶಾಸನಗಳು ಇದನ್ನು ಸುಳ್ಳು ಮಾಡುತ್ತವೆ. ವಿಷ್ಣುವರ್ಧನನ ಪಟ್ಟದರಸಿ ಶಾಂತಲೆ 1123ರಲ್ಲಿ ಶ್ರವಣಬೆಳಗೊಳದಲ್ಲಿ ಸವತಿಗಂಧವಾರಣ ಬಸದಿ ಕಟ್ಟಿಸಿದಳು. ಅವನಿಗೆ ತಲಕಾಡು ಗೆದ್ದುಕೊಟ್ಟ ಸೇನಾಪತಿ ಗಂಗರಾಜ ಜೈನ. 1133ರಲ್ಲಿ ಗಂಗರಾಜನ ಮಗ ಬೊಪ್ಪ ಹಳೇಬೀಡಿನಲ್ಲಿ ಬಸದಿ ಕಟ್ಟಿಸಿದಾಗ, ಅದರ ಪ್ರಸಾದವನ್ನು ರಾಜನೇ ಭಕ್ತಿಯಿಂದ ತೆಗೆದುಕೊಂಡು ದೇವರಿಗೆ ವಿಜಯ ಪಾರ್ಶ್ವನಾಥ ಎಂದು ಹೆಸರಿಟ್ಟ. ಹಳೇಬೀಡಿನ ಹೊಯ್ಸಳೇಶ್ವರ ಶಿವನ ಗುಡಿ. ಅವನ ಮಗನ ಕಾಲಕ್ಕೆ, 1171ರಲ್ಲಿ, ನಮ್ಮ ಕಿಕ್ಕೇರಿಯಲ್ಲೇ ಒಬ್ಬ ಹೆಣ್ಣುಮಗಳು ಬ್ರಹ್ಮೇಶ್ವರನ ಗುಡಿ ಎತ್ತಿಸಿದಳು. ಈ ಸೀಮೆಯಲ್ಲಿ ಯಾವ ದೇವರೂ ಇನ್ನೊಂದು ದೇವರನ್ನು ಓಡಿಸಿರಲಿಲ್ಲ.

ಗಾಣ ತಿರುಗಲಿಲ್ಲ, ನಿಜ. ಆದರೆ ತಿರುಗಿತು ಎಂದು ಹೇಳಿಕೊಳ್ಳುವ ಆಸೆ ಎಲ್ಲಿಂದ ಬಂತು? ಕೂರೇಶನ ಕಣ್ಣು ಕಿತ್ತ ರಾಜನನ್ನು ಹುಳ ಎಂದು ಶಪಿಸುವ ಬಾಯಿಯೇ ತೊಣ್ಣೂರಿನಲ್ಲಿ ಗಾಣಕ್ಕೆ ಹಾಕಿದ ರಾಜನನ್ನು ಭಕ್ತ ಎಂದು ಹೊಗಳುತ್ತದೆ. ಆಶ್ರಯ ಬೇಡಿ ಬಂದವರ ಕಥೆ ಆಶ್ರಯ ಕೊಟ್ಟವರ ಕೈ ಬಿಟ್ಟು ಗೆದ್ದವರ ಕೈಗೆ ಹೋದಾಗ ಹೀಗಾಗುತ್ತದೆ. ಬೇಡರು ಆ ಕಥೆ ಹೇಳಿದ್ದರೆ ಅದು ಚಳಿ, ಬೆಂಕಿ, ಜೇನಿನ ಕಥೆಯಾಗಿ ಉಳಿಯುತ್ತಿತ್ತು. ರಾಜನ ಕಡೆಯವರು ಹೇಳಿದ್ದರಿಂದ ಗಾಣ ಬಂತು.

ದೂರದ ಒಂದು ಉದಾಹರಣೆ ಹೇಳುತ್ತೇನೆ. ಇಟಲಿಯ ತೂರಿನ್ ಪಟ್ಟಣದ ಕಾರ್ಲೋ ಲೆವಿ ಓದಿದ್ದು ವೈದ್ಯ, ಒಲಿದದ್ದು ಚಿತ್ರಕಲೆ. ಮುಸೊಲಿನಿಯ ವಿರೋಧಿ ಎಂದು 1935ರಲ್ಲಿ ಅವನನ್ನು ದಕ್ಷಿಣದ ಲುಕಾನಿಯಾ ಸೀಮೆಗೆ ಗಡೀಪಾರು ಮಾಡಿದರು. ಮೊದಲು ಗ್ರಾಸಾನೊ, ಆಮೇಲೆ ಅಲಿಯಾನೊ ಎಂಬ ಬೆಟ್ಟದ ಹಳ್ಳಿ. ಆ ದಿನಗಳ ಬಗ್ಗೆ ಅವನು ಬರೆದ ಪುಸ್ತಕ 1945ರಲ್ಲಿ ಬಂತು. ಕ್ರಿಸ್ತ ಎಬೋಲಿ ಪಟ್ಟಣದಲ್ಲೇ ನಿಂತುಬಿಟ್ಟ ಎಂದು ಅದರ ಹೆಸರಿನ ಅರ್ಥ. ತಮ್ಮನ್ನು ಲೋಕ ಮನುಷ್ಯರೆಂದೇ ಎಣಿಸಿಲ್ಲ ಎಂದು ಹೇಳಲು ಅಲ್ಲಿನ ರೈತರು ಬಳಸುತ್ತಿದ್ದ ಮಾತು ಅದು. ಮಲೇರಿಯಾದಿಂದ ನರಳುವ ಆ ರೈತರಿಗೆ ಲೆವಿ ಮದ್ದು ಕೊಡುತ್ತಿದ್ದ. ಅಧಿಕಾರಿಗಳು ಅದನ್ನು ತಡೆದಾಗ ಸಿಟ್ಟಿಗೆದ್ದವರು ರೈತರು. 1936ರಲ್ಲಿ ಬಿಡುಗಡೆಯಾಯಿತು. 1975ರಲ್ಲಿ ಸತ್ತ ಮೇಲೆ ಅವನನ್ನು ಮಣ್ಣು ಮಾಡಿದ್ದು ತೂರಿನ್ನಿನಲ್ಲಿ ಅಲ್ಲ, ಅಲಿಯಾನೊದಲ್ಲಿ.

ಲೆವಿಯ ಪುಸ್ತಕ ದೊಡ್ಡದು, ಒಪ್ಪುತ್ತೇನೆ. ನಮ್ಮ ಸಾಹಿತ್ಯದ ವಿದ್ಯಾರ್ಥಿಗಳು ಅದನ್ನು ಓದಲೇಬೇಕು. ಆದರೆ ಓದುವಾಗ ಒಂದು ಸರಳ ಪ್ರಶ್ನೆ ಕೇಳಿಕೊಳ್ಳಿ. ಒಬ್ಬ ಮನುಷ್ಯನನ್ನು ಶಿಕ್ಷೆ ಎಂದು ಕಳಿಸುವ ಊರಿನಲ್ಲಿ, ಯಾವ ತಪ್ಪೂ ಮಾಡದೆ ಹುಟ್ಟಿ ಅಲ್ಲೇ ಸಾಯುವವರು ಯಾವ ಶಿಕ್ಷೆ ಅನುಭವಿಸುತ್ತಿದ್ದಾರೆ? ಲೆವಿಗೆ ಒಂದು ವರ್ಷದಲ್ಲಿ ಬಿಡುಗಡೆಯಾಯಿತು. ಅವನಿಗೆ ಅಡುಗೆ ಮಾಡಿ ಹಾಕಿದ ಹೆಂಗಸಿಗೆ ಯಾವ ಸರ್ಕಾರದ ಕ್ಷಮಾದಾನವೂ ಬರಲಿಲ್ಲ. ನಮ್ಮಲ್ಲೂ ಹಾಗೆಯೇ. ಮೇಲಿನವರ ಸಿಟ್ಟಿಗೆ ಸಿಕ್ಕ ನೌಕರನನ್ನು ನೀರಿಲ್ಲದ, ಬಸ್ಸಿಲ್ಲದ ಊರಿಗೆ ಎತ್ತಂಗಡಿ ಮಾಡುತ್ತಾರೆ. ಅವನಿಗೆ ಅನ್ಯಾಯವಾಯಿತೆಂದು ಪತ್ರಿಕೆ ಬರೆಯುತ್ತದೆ. ಆ ಊರಿನವರಿಗೆ ಏನಾಗಿದೆ ಎಂದು ಕೇಳುವವರಿಲ್ಲ. ಅವರು ಅಲ್ಲಿಯವರೇ ತಾನೆ!

ಗುರುಪರಂಪರೆಗೂ ಲೆವಿಗೂ ಎಂಟುನೂರು ವರ್ಷಗಳ ಅಂತರ. ಎರಡರಲ್ಲೂ ಬರೆದವರು ಬಂದವರ ಕಡೆಯವರು, ಇದ್ದವರಲ್ಲ. ಬರಹ ಎಷ್ಟೇ ಕರುಣೆಯದಾದರೂ ಬೇಡನ ಹೆಸರು, ಹಟ್ಟಿಯವನ ಹೆಸರು ಅದರಲ್ಲಿ ನೆಲೆ ನಿಲ್ಲುವುದಿಲ್ಲ. ನೋಡಿ, ‘ತಿರುಕುಲತ್ತಾರ್’ ಎಂಬ ಪದವೇ ತಮಿಳು. ಕನ್ನಡ ಮಾತಾಡುವ ಹಟ್ಟಿಗೆ, ಬಂದವರ ಭಾಷೆಯಲ್ಲಿ, ಬಂದವರು ಇಟ್ಟ ಹೆಸರು. ಇಪ್ಪತ್ತನೆಯ ಶತಮಾನದಲ್ಲಿ ಗಾಂಧೀಜಿ ಹರಿಜನ ಎಂಬ ಹೆಸರನ್ನು ಹರಡಿದಾಗ ಅಂಬೇಡ್ಕರ್ ಅದನ್ನು ಒಪ್ಪಲಿಲ್ಲ. ಒಳ್ಳೆಯ ಹೆಸರು ಇಟ್ಟರೂ ಇಡುವ ಅಧಿಕಾರ ಯಾರದ್ದು ಎಂಬ ಪ್ರಶ್ನೆ ಹೋಗುವುದಿಲ್ಲ. 1970ರ ದಶಕದಲ್ಲಿ ದಲಿತ ಸಂಘರ್ಷ ಸಮಿತಿ ಕಟ್ಟಿದವರು ತಮ್ಮ ಹೆಸರನ್ನು ತಾವೇ ಆರಿಸಿಕೊಂಡಾಗ, ಸಿದ್ಧಲಿಂಗಯ್ಯ, ದೇವನೂರ ಮಹಾದೇವ ತಮ್ಮ ಕೇರಿಯ ಮಾತನ್ನು ತಾವೇ ಬರೆದಾಗ, ಎಂಟು ಶತಮಾನಗಳ ಆ ಬಾಕಿ ಲೆಕ್ಕದ ಪುಸ್ತಕ ಮೊದಲ ಬಾರಿಗೆ ಈ ಕಡೆಯಿಂದ ತೆರೆಯಿತು. ಕನ್ನಡದಲ್ಲಿ ಅದಕ್ಕಿಂತ ದೊಡ್ಡ ಸಾಹಿತ್ಯಿಕ ಘಟನೆ ನಮ್ಮ ಕಾಲದಲ್ಲಿ ನಡೆದಿಲ್ಲ ಎಂದು ನಾನು ನಂಬುತ್ತೇನೆ.

ಬಂದವರ ಕಥೆ ಹೇಳಿ ಇದ್ದವರನ್ನು ಮರೆಯುವುದು ಹಳೆಯ ಕಾಲದ ರೋಗ ಮಾತ್ರವೂ ಅಲ್ಲ. ಪಿರಿಯಾಪಟ್ಟಣದ ಬೈಲುಕುಪ್ಪೆಗೆ 1960ರ ಹೊತ್ತಿಗೆ ಟಿಬೆಟ್ಟಿನ ನಿರಾಶ್ರಿತರು ಬಂದರು. ಮೈಸೂರು ರಾಜ್ಯ ನೆಲ ಕೊಟ್ಟಿತು. ಹಿಮದ ನಾಡಿನವರು ಕಾಡು ಕಡಿದು ಮುಸುಕಿನ ಜೋಳ ಬೆಳೆದು ಬದುಕು ಕಟ್ಟಿದ ಕಥೆ ದೊಡ್ಡದು, ಅದನ್ನು ಹೇಳಬೇಕಾದದ್ದೇ. ಆದರೆ ಬೈಲುಕುಪ್ಪೆಯ ಬಗ್ಗೆ ಬರುವ ಬರಹಗಳನ್ನು ತೆಗೆದು ನೋಡಿ. ಚಿನ್ನದ ಬಣ್ಣದ ಬುದ್ಧ, ಕೆಂಪು ಬಟ್ಟೆಯ ಭಿಕ್ಷುಗಳು, ತಿಂಡಿ ಅಂಗಡಿಗಳು ಎಲ್ಲ ಇರುತ್ತವೆ. ಆ ನೆಲದ ಅಂಚಿನಲ್ಲಿದ್ದ ಕನ್ನಡದ ರೈತ, ಆ ಹೊಲಗಳಲ್ಲಿ ಕೂಲಿಗೆ ಹೋದ ಹೆಣ್ಣಾಳು ಅವುಗಳಲ್ಲಿ ಒಂದು ಸಾಲಿಗೂ ಸಿಗುವುದಿಲ್ಲ. ನಾವು ಕನ್ನಡಿಗರು ಉದಾರಿಗಳು ಎಂದು ಸಭೆಯಲ್ಲಿ ಹೇಳಿಕೊಳ್ಳಲು ಮಾತ್ರ ಅವರು ಬೇಕು.

ನಮ್ಮ ನಾಲ್ಕು ತಾಲ್ಲೂಕುಗಳಿಗೆ ಈ ವಿಷಯ ಹೊಸದಲ್ಲ. ಪಾಂಡವಪುರ ಎಂಬ ಹೆಸರೇ ರಾಜ್ಯ ಕಳೆದುಕೊಂಡವರದ್ದು. ಕುಂತಿ ಬೆಟ್ಟದಲ್ಲಿ ಪಾಂಡವರು ವನವಾಸ ಕಳೆದರು ಎಂದು ಜನ ನಂಬಿದ್ದಾರೆ. ಇಲ್ಲಿಂದ ಹೊರಟವರೂ ಉಂಟು. ಶ್ರೀರಂಗಪಟ್ಟಣದಿಂದ 1792ರಲ್ಲಿ ಟಿಪ್ಪುವಿನ ಇಬ್ಬರು ಎಳೆಯ ಮಕ್ಕಳು ಒತ್ತೆಯಾಳುಗಳಾಗಿ ಹೋದರು. 1799ರಲ್ಲಿ ಕೋಟೆ ಬಿದ್ದ ಮೇಲೆ ಮನೆತನವನ್ನೇ ವೆಲ್ಲೂರಿಗೆ ಸಾಗಿಸಿದರು. 1806ರ ವೆಲ್ಲೂರು ದಂಗೆಯ ನಂತರ ಕಲ್ಕತ್ತೆಗೆ. ಕನ್ನಂಬಾಡಿ ಕಟ್ಟೆ ಎದ್ದಾಗ ಕನ್ನಂಬಾಡಿ ಊರೇ ಮುಳುಗಿ, ಅದರ ಜನ, ಅದರ ವೇಣುಗೋಪಾಲಸ್ವಾಮಿ ಇಬ್ಬರೂ ನೆಲೆ ಬದಲಿಸಿದರು. ಕಟ್ಟೆ ಕಟ್ಟಿಸಿದವರ ಹೆಸರು ಮಕ್ಕಳಿಗೆಲ್ಲ ಗೊತ್ತು. ಆ ನೀರಿನಡಿ ಹೊಲ ಬಿಟ್ಟು ಎದ್ದವರ ಹೆಸರನ್ನು ಯಾವ ಪಾಠ ಹೇಳಿದೆ? ನಮ್ಮ ಕಬ್ಬು ಹಸಿರಾದದ್ದು ಅವರು ಎದ್ದುಹೋದದ್ದರಿಂದ.

ಇಂದು ಇದೇ ಕಬ್ಬಿನ ಹಂಗಾಮಿಗೆ ಮತ್ತೆ ಜನ ಬರುತ್ತಾರೆ. ಬಿಹಾರ, ಉತ್ತರಪ್ರದೇಶದವರು ನಮ್ಮ ಆಲೆಮನೆಗಳಲ್ಲಿ ಕೊಪ್ಪರಿಗೆಯ ಮುಂದೆ ನಿಂತು ಬೆಲ್ಲ ಕಾಯಿಸುತ್ತಾರೆ. ಕಬ್ಬು ಕಡಿಯುವ ಗ್ಯಾಂಗುಗಳು ಬರದ ಸೀಮೆಗಳಿಂದ ಬಂದು ಹೊಲದ ಬದಿಯಲ್ಲಿ ಗುಡಿಸಲು ಹಾಕುತ್ತವೆ. ಅವರನ್ನು ಯಾವ ರಾಜನೂ ಓಲೆ ಕಳಿಸಿ ಓಡಿಸಿಲ್ಲ. ಆದರೆ ಮನೆ ಬಿಟ್ಟು ಬಂದವರಿಗೆ ನೀರು ಕೊಡುವ ನಲ್ಲಿ ಯಾವುದು, ಅವರ ಮಕ್ಕಳು ಕೂರುವ ಶಾಲೆ ಯಾವುದು ಎಂದು ಕೇಳಿದರೆ ಎಷ್ಟು ಊರುಗಳಿಗೆ ಉತ್ತರ ಗೊತ್ತಿದೆ? ದೇಶಬಿಟ್ಟು ಬಂದ ಒಬ್ಬ ಯತಿಯ ನೆನಪಿನಲ್ಲಿ ವರ್ಷವರ್ಷ ಜಾತ್ರೆ ಮಾಡುವ ಸೀಮೆಗೆ ಈ ಪ್ರಶ್ನೆ ಬೇರೆಯವರಿಗಿಂತ ಹತ್ತಿರದ್ದಾಗಬೇಕಿತ್ತು.

2022ರ ಫೆಬ್ರವರಿ 5ರಂದು ಹೈದರಾಬಾದಿನ ಬಳಿಯ ಮುಚ್ಚಿಂತಲಿನಲ್ಲಿ ರಾಮಾನುಜರ 216 ಅಡಿಯ ಪ್ರತಿಮೆಯನ್ನು ಪ್ರಧಾನಿ ಉದ್ಘಾಟಿಸಿದರು. ಸಮತೆಯ ಮೂರ್ತಿ ಎಂದು ಅದರ ಹೆಸರು. ಎತ್ತರದ ಬಗ್ಗೆ ನನಗೆ ಅಸೂಯೆಯಿಲ್ಲ. ನನ್ನ ಕಣ್ಣು ಹುಡುಕುವುದು ಆ ಪ್ರತಿಮೆಯ ಮುಂದೆ ಜೇನಿನ ಬಟ್ಟಲು ಹಿಡಿದು ನಿಂತ ಬೇಡನನ್ನು. ಸಮತೆ ಎಂಬುದು ಇಬ್ಬರ ನಡುವೆ ಆಗುವ ಸಂಗತಿ. ಒಬ್ಬರನ್ನೇ 216 ಅಡಿ ಎತ್ತಿ ನಿಲ್ಲಿಸಿದರೆ ಅಲ್ಲಿ ಸಮತೆ ಕಾಣುವುದು ಹೇಗೆ? ಬಿಳಿ ಬಟ್ಟೆ ಉಟ್ಟು, ಹಸಿದು, ಹೆಸರು ಮರೆಸಿಕೊಂಡು ಕಾಡಿನ ಬೆಂಕಿಯ ಮುಂದೆ ಮೈ ಕಾಯಿಸಿಕೊಂಡ ಆ ಮನುಷ್ಯ ಅವತ್ತು ಯಾರಿಗಿಂತಲೂ ಎತ್ತರವಿರಲಿಲ್ಲ. ಅವರ ಬದುಕಿನ ಅತ್ಯಂತ ಸಮಾನತೆಯ ರಾತ್ರಿ ಅದೇ ಇರಬೇಕು. ಅದನ್ನು ಯಾರೂ ಕಲ್ಲಿನಲ್ಲಿ ಕಡೆಯಲಿಲ್ಲ.

ಹಾಗಾದರೆ ಏನು ಮಾಡಬೇಕು ಎಂದು ಕೇಳಬಹುದು. ಪ್ರತಿಮೆ ಕೆಡವಿ ಎಂದು ನಾನು ಹೇಳುತ್ತಿಲ್ಲ, ಜಾತ್ರೆ ನಿಲ್ಲಿಸಿ ಎಂದೂ ಇಲ್ಲ. ಕೇಳುವುದು ಮೂರೇ. ಒಂದು, ಮೇಲುಕೋಟೆಯ ಕಥೆಯನ್ನು ಪಾಠದಲ್ಲಿ, ಭಾಷಣದಲ್ಲಿ, ಮಾರ್ಗದರ್ಶಿಗಳ ಬಾಯಲ್ಲಿ ಹೇಳುವಾಗ ಕರ್ತೃ-ಕರ್ಮಗಳನ್ನು ಸರಿಮಾಡಿ. ಹಟ್ಟಿಯವರು ರಾಮಾನುಜರಿಗೆ ನೆಲೆ ಕೊಟ್ಟರು. ಅದಕ್ಕೆ ಪ್ರತಿಯಾಗಿ ಮೂರು ದಿನ ಪಡೆದರು. ಉಳಿದ ದಿನಗಳು ಬಂದದ್ದು ಸಂವಿಧಾನದಿಂದ. ಮೂರು ವಾಕ್ಯ, ಅಷ್ಟೂ ಅದೇ ಪರಂಪರೆಯ ಒಳಗಿನವು, ಕೊನೆಯದೊಂದು ಮಾತ್ರ ಕಾನೂನಿನದು. ಎರಡು, ಸುತ್ತಲಿನ ಹಟ್ಟಿಗಳ ಹಿರಿಯರು ಈ ಮೂರು ದಿನದ ಬಗ್ಗೆ ತಮ್ಮ ಮನೆಯಲ್ಲಿ ಏನು ಕೇಳಿದ್ದರು ಎಂಬುದನ್ನು ಯಾರಾದರೂ ಕುಳಿತು ಬರೆದುಕೊಳ್ಳಿ. ಕನ್ನಡ ಎಂ.ಎ. ಓದುವ ಹುಡುಗ ಹುಡುಗಿಯರು ಪ್ರಬಂಧಕ್ಕೆ ವಿಷಯ ಸಿಗಲಿಲ್ಲ ಎನ್ನುತ್ತಿರುತ್ತಾರೆ. ಬೆಟ್ಟ ಇಳಿದರೆ ವಿಷಯ ಇದೆ. ಒಳಗೆ ಹೋದವರ ನೆನಪು, ಹೋಗಲು ಒಪ್ಪದೆ ಹೊರಗೇ ನಿಂತವರ ನೆನಪು ಎರಡೂ ಬೇಕು. ಕಲ್ಲಿನ ಶಾಸನ ಇನ್ನೂ ಸಾವಿರ ವರ್ಷ ಕಾಯುತ್ತದೆ, ಎಂಬತ್ತು ದಾಟಿದ ಅಜ್ಜಿ ಕಾಯುವುದಿಲ್ಲ.

ಮೂರನೆಯದು ನಮಗೆ, ಬರೆಯುವವರಿಗೆ. ಹಳ್ಳಿಯ ಬಗ್ಗೆ ಬರೆಯುವ ನಮ್ಮಲ್ಲಿ ಬಹಳ ಜನ ಹಳ್ಳಿ ಬಿಟ್ಟವರು. ರಜೆಗೆ ಹೋಗಿ, ನಾಲ್ಕು ದಿನ ಇದ್ದು, ನಾಟಿಕೋಳಿ ಸಾರು, ಮುದ್ದೆ ಉಂಡು, ಬೆಂಗಳೂರಿಗೆ ಬಂದು ನಮ್ಮೂರು ಹಾಗಿತ್ತು ಹೀಗಿತ್ತು ಎಂದು ಬರೆಯುತ್ತೇವೆ. ನಮ್ಮ ಒಂಟಿತನ, ನಮ್ಮ ಕಳೆದುಹೋದ ಬಾಲ್ಯ, ನಮ್ಮ ನೋವು ಎಲ್ಲ ಅದರಲ್ಲಿ ಇರುತ್ತದೆ. ಮುದ್ದೆ ಕಟ್ಟಿ ಬಡಿಸಿದವರ ಮಾತು ಇರುವುದಿಲ್ಲ. ಅಲ್ಲಿಗೆ ನಾವೂ ಸಣ್ಣದೊಂದು ಗುರುಪರಂಪರೆಯನ್ನೇ ಬರೆಯುತ್ತಿದ್ದೇವೆ, ಅದರ ಬೇಡರನ್ನೂ ಬಿಟ್ಟು.

ಮುಂದಿನ ವೈರಮುಡಿಗೆ ಹೋದರೆ, ಜನಜಂಗುಳಿಯಲ್ಲಿ ಕಥೆ ಹೇಳುವವರು ಯಾರಾದರೂ ಸಿಕ್ಕರೆ, ಒಂದು ಪ್ರಶ್ನೆ ಕೇಳಿ ನೋಡಿ. ಆಚಾರ್ಯರು ಬಂದಾಗ ಮೊದಲು ಊಟಕ್ಕಿಟ್ಟವರು ಯಾರು, ಸ್ವಾಮಿ?